ಕುದುರೆಗೆ ಹೊಟ್ಟೆಶೂಲೆ ಬಂದರೆ ಆಪರೇಷನ್ ಬೇಕು ಅಂತ ಗೊತ್ತಾಗುವುದು ಹೇಗೆ? ಎಲ್ಲಿಗೆ ಒಯ್ಯಬೇಕು?

ಮೆರವಣಿಗೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮದುವೆ ಮೆರವಣಿಗೆಗೆ ಕುದುರೆ ಕೊಡುವ ಕೆಲಸ, ಅಪ್ಪನ ಕಾಲದಿಂದಲೂ ಇದೇ. ಹೋದ ವಾರ ಹರಿಹರದಲ್ಲಿ ನಮ್ಮ ಮಾವನ ಮಗನ ಬಿಳಿ ಹೆಣ್ಣುಕುದುರೆ ಹೊಟ್ಟೆಶೂಲೆಯಲ್ಲಿ ಸತ್ತಿತು. ಸಂಜೆ ಮೇವು ಬಿಟ್ಟಿತು. ಮುಂಗಾಲಿನಿಂದ ನೆಲ ಕೆರೆಯಿತು, ಪದೇ ಪದೇ ಕತ್ತು ತಿರುಗಿಸಿ ಪಕ್ಕೆ ನೋಡಿಕೊಂಡಿತು, ಮೇಲ್ದುಟಿ ಸುರುಳಿ ಸುತ್ತಿ ಮೇಲಕ್ಕೆತ್ತುತ್ತಿತ್ತು. ಗೊತ್ತಿರುವವರೊಬ್ಬರು ಬಂದು ನೋವಿನ ಇಂಜೆಕ್ಷನ್ ಕೊಟ್ಟರು, ಸುಮ್ಮನಾಯಿತು. ಊಟದ ಹೊತ್ತಿಗೆ ಮತ್ತೆ ಶುರು. ಮತ್ತೆ ಇಂಜೆಕ್ಷನ್. ಬೆಳಗಿನ ಜಾವ ನೆಲಕ್ಕೆ ಬಿದ್ದು ಹೊರಳಾಡತೊಡಗಿದಾಗ ಗಾಡಿ ಹುಡುಕಿ ಬೆಂಗಳೂರಿಗೆ ಹೊರಟರು. ಸಿರಾ ತಲುಪುವ ಮೊದಲೇ ಗಾಡಿಯಲ್ಲೇ ಪ್ರಾಣ ಹೋಯಿತು.

ಆಮೇಲೆ ಒಬ್ಬರು ಹೇಳಿದರು, ಕರುಳು ತಿರುಚಿಕೊಂಡಿರುತ್ತೆ, ಸಂಜೆಯೇ ಹೊರಟಿದ್ದರೆ ಆಪರೇಷನ್ ಮಾಡಬಹುದಿತ್ತು ಅಂತ. ನಮಗೆ ಇದನ್ನು ಮೊದಲು ಯಾರೂ ಹೇಳಿರಲಿಲ್ಲ. ಯಾವ ಶೂಲೆಗೆ ಔಷಧಿ ಸಾಕು, ಯಾವುದಕ್ಕೆ ಆಪರೇಷನ್ ಬೇಕು, ತಿಳಿದವರು ಬಿಡಿಸಿ ಹೇಳಿ.

ಇನ್ನೊಂದು ವಿಷಯ. ನಮ್ಮ ಕಂದು ಕುದುರೆ ಇವತ್ತು ಬೆಳಗ್ಗೆ ಮುಳ್ಳುತಂತಿಗೆ ಸಿಕ್ಕಿ ಹಿಂಗಾಲು ಸೀಳಿಕೊಂಡಿದೆ. ಮಂಡಿಯ ಕೆಳಗೆ, ಒಂದು ಗೇಣು ಉದ್ದ. ರಕ್ತ ನಿಂತಿದೆ. ಮನೆಯಲ್ಲಿ ಅರಿಶಿನ ಸುಣ್ಣ ಕಲಸಿ ಇಟ್ಟಿದ್ದಾರೆ, ಹಚ್ಚಬಹುದಾ?

ಪಶುವೈದ್ಯೆ_ಮಧ್ಯಕರ್ನಾಟಕ

ಅಣ್ಣ, ಮೊದಲು ಗಾಯದ ಮಾತು. ಅರಿಶಿನ, ಸುಣ್ಣ ಏನೂ ಹಚ್ಚಬೇಡಿ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ, ಅಂದರೆ ಸುಮಾರು ಒಂದೂವರೆ ಟೀ ಚಮಚ. ಅದರಲ್ಲಿ ಚೆನ್ನಾಗಿ ತೊಳೆಯಿರಿ. ಸ್ವಚ್ಛ ಬಟ್ಟೆ ಸುತ್ತಿ ಈಗಲೇ ವೈದ್ಯರನ್ನು ಕರೆಸಿ, ಹೊಲಿಗೆ ಹಾಕುವುದಿದ್ದರೆ ಆರೆಂಟು ಗಂಟೆಯ ಒಳಗೇ ಆದರೆ ಒಳ್ಳೆಯದು. ಧನುರ್ವಾಯು ಲಸಿಕೆ ಯಾವಾಗ ಹಾಕಿಸಿದ್ದಿರಿ ಅಂತ ನೆನಪು ಮಾಡಿಕೊಳ್ಳಿ. ಗಾಯದ ವಿಷಯ ಆಮೇಲೆ ವಿವರವಾಗಿ ಬರೆಯುತ್ತೇನೆ.

ಈಗ ಶೂಲೆ. ಹೊಟ್ಟೆನೋವು ಬಂದ ಹತ್ತು ಕುದುರೆಗಳಲ್ಲಿ ಸುಮಾರು ಒಂಬತ್ತು ಔಷಧಿಯಲ್ಲೇ ಸರಿಹೋಗುತ್ತವೆ. ಗ್ಯಾಸ್, ಕರುಳಿನ ಸೆಳೆತ, ಮೇವು ಕಟ್ಟಿಕೊಂಡಿರುವುದು, ಇವೇ ಜಾಸ್ತಿ. ಉಳಿದ ಒಂದರಲ್ಲಿ ಕರುಳು ತಿರುಚಿರುತ್ತದೆ, ಇಲ್ಲವೇ ಜಾಗ ಬಿಟ್ಟು ಸರಿದಿರುತ್ತದೆ, ಇಲ್ಲವೇ ಯಾವುದೋ ಸಂದಿಯಲ್ಲಿ ಸಿಕ್ಕಿ ರಕ್ತ ಓಡಾಟ ನಿಂತಿರುತ್ತದೆ. ರಕ್ತ ನಿಂತ ಕರುಳಿಗೆ ಯಾವ ಎಣ್ಣೆ, ಯಾವ ಇಂಜೆಕ್ಷನ್ ಕೂಡ ಜೀವ ಕೊಡುವುದಿಲ್ಲ. ಹೊಟ್ಟೆ ತೆರೆದು ಸರಿಮಾಡಬೇಕು, ಅದೂ ಗಂಟೆಗಳ ಲೆಕ್ಕದಲ್ಲಿ.

ಕುದುರೆಯ ಹೊಟ್ಟೆಯ ರಚನೆಯೇ ಹಾಗಿದೆ. ಅದರ ಜಠರ ಚಿಕ್ಕದು, 8ರಿಂದ 15 ಲೀಟರ್ ಅಷ್ಟೇ. ಅನ್ನನಾಳ ಜಠರಕ್ಕೆ ಸೇರುವ ಕಡೆ ಸ್ನಾಯು ಎಷ್ಟು ಬಿಗಿ ಅಂದರೆ ಕುದುರೆ ವಾಂತಿ ಮಾಡಲಾರದು. ಕೆಳಗೆ ದಾರಿ ಮುಚ್ಚಿದರೆ ನೀರು, ಗ್ಯಾಸ್ ಎಲ್ಲ ಜಠರದಲ್ಲೇ ತುಂಬಿ ಕೊನೆಗೆ ಅದು ಒಡೆಯುತ್ತದೆ. ಒಡೆದ ಮೇಲೆ ಮಾಡುವುದು ಏನೂ ಇಲ್ಲ. ಅದಕ್ಕೇ ನಾವು ಬಂದ ಕೂಡಲೇ ಮೂಗಿನಿಂದ ಜಠರಕ್ಕೆ ಟ್ಯೂಬ್ ಇಳಿಸುವುದು. ದೊಡ್ಡ ಕರುಳು ಸುಮಾರು ಮೂರೂವರೆ ಮೀಟರ್ ಉದ್ದ, ಬಹುಪಾಲು ಎಲ್ಲೂ ಬಿಗಿಯಾಗಿ ಅಂಟಿಕೊಂಡಿಲ್ಲ, ಗ್ಯಾಸ್ ತುಂಬಿದರೆ ತೇಲಿ ಜಾಗ ಬದಲಿಸುತ್ತದೆ. ನಡುವೆ ಒಂದು ಕಡೆ ಹಿಂದಕ್ಕೆ ಮಡಚಿ ಕಿರಿದಾಗುತ್ತದೆ. ಒಣ ಮೇವು ಕಟ್ಟಿಕೊಳ್ಳುವುದು ಹೆಚ್ಚಾಗಿ ಅಲ್ಲೇ.

ಆಪರೇಷನ್‌ಗೆ ದೊಡ್ಡ ಸೂಚನೆ ನೋವಿನದು. ಸರಿಯಾದ ಡೋಸ್ ಕೊಟ್ಟರೂ ನೋವು ನಿಲ್ಲಲಿಲ್ಲ, ಅಥವಾ ನಿಂತು ಒಂದೆರಡು ಗಂಟೆಯಲ್ಲಿ ವಾಪಸ್ ಬಂತು ಅಂದರೆ ಕಾಯಬಾರದು. ಹರಿಹರದ ಕುದುರೆಗೆ ಎರಡನೇ ಸಲ ನೋವು ಬಂದಾಗಲೇ ಗಾಡಿ ಹೊರಡಬೇಕಿತ್ತು. ಎರಡನೇ ಇಂಜೆಕ್ಷನ್ ನೋವನ್ನು ಮುಚ್ಚಿತು, ಕಾಯಿಲೆಯನ್ನಲ್ಲ.

ಹೊಳಲ್ಕೆರೆ_ಹುಡುಗ

ಮೇಡಂ, ಡಾಕ್ಟರ್ ಬರುವವರೆಗೆ ನಾವು ಏನೇನು ನೋಡಿಟ್ಟುಕೊಳ್ಳಬಹುದು? ಫೋನಿನಲ್ಲಿ ಕೇಳಿದರೆ ಹೇಳೋಕಾದರೂ ಬೇಕಲ್ವಾ.

ಪಶುವೈದ್ಯೆ_ಮಧ್ಯಕರ್ನಾಟಕ

ಬೇಕೇ ಬೇಕು. ಮೊದಲು ನಾಡಿ. ಕೆಳದವಡೆಯ ಮೂಳೆಯ ಒಳ ಅಂಚಿನಲ್ಲಿ ಬೆರಳಿಟ್ಟು ಸರಿಸಿದರೆ ಪೆನ್ಸಿಲ್ ದಪ್ಪದ ಒಂದು ನಾಳ ಜಾರುತ್ತದೆ. ಅದನ್ನು ಮೆಲ್ಲಗೆ ಮೂಳೆಗೆ ಒತ್ತಿ 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. ಸುಮ್ಮನೆ ನಿಂತ ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44 ಇರಬೇಕು. 60 ದಾಟಿದರೆ ಗಂಭೀರ. 80 ದಾಟಿದರೆ ತುಂಬಾ ಗಂಭೀರ.

ಆಮೇಲೆ ಒಸಡು. ತುಟಿ ಎತ್ತಿ ಬೆರಳಿನಿಂದ ಒತ್ತಿ ಬಿಡಿ, ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ತಿಳಿ ಗುಲಾಬಿ, ಒದ್ದೆ ಇದ್ದರೆ ಸರಿ. ಇಟ್ಟಿಗೆ ಕೆಂಪು, ನೇರಳೆ, ಒಣಗಿ ಅಂಟಂಟು ಇದ್ದರೆ ಕೆಟ್ಟದ್ದು. ಪಕ್ಕೆಗೆ ಕಿವಿಯಿಟ್ಟು ಕೇಳಿ, ಗುಡುಗುಡು ಸದ್ದು ಇರಬೇಕು. ಎರಡೂ ಕಡೆ ಪೂರ್ತಿ ಮೌನ ಅಂದರೆ ಭಯದ ವಿಷಯ. ಜ್ವರ ನೋಡಿ, 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಾಮಾನ್ಯ. ಕೊನೆಯ ಸಲ ಲದ್ದಿ ಹಾಕಿದ್ದು ಯಾವಾಗ, ಅದು ಗಟ್ಟಿಯೋ ತೆಳುವೋ, ಲೋಳೆ ಸುತ್ತಿತ್ತೋ. ಇವನ್ನು ಸಮಯ ಹಾಕಿ ಚೀಟಿಯಲ್ಲಿ ಬರೆದಿಡಿ. ಮೇವು ಪೂರ್ತಿ ತೆಗೆದುಬಿಡಿ.

ನಡೆಸಬಹುದು, ನಿಧಾನವಾಗಿ ಹತ್ತು ಹದಿನೈದು ನಿಮಿಷ. ರಾತ್ರಿಯಿಡೀ ಓಡಿಸಿ ಸುಸ್ತು ಮಾಡಿಸುವುದು ಬೇಡ. ಸುಮ್ಮನೆ ಮಲಗಿದ್ದರೆ ಮಲಗಲಿ ಬಿಡಿ.

ಚಳ್ಳಕೆರೆ_ಹಟ್ಟಿ

ನಮ್ಮ ಕಡೆ ಕುರಿ ಮಂದೆ ಜೊತೆ ಸಾಮಾನು ಹೊರೋಕೆ ತಟ್ಟು ಇಟ್ಟುಕೊಂಡಿದ್ದೇವೆ. ಹೊಟ್ಟೆ ಉಬ್ಬಿದರೆ ಇಂಗು, ಓಮ, ಶೇಂಗಾ ಎಣ್ಣೆ ಕಲಸಿ ಗೊಟ್ಟದಲ್ಲಿ ಕುಡಿಸುತ್ತೇವೆ. ದನಕ್ಕೆ ಕೆಲಸ ಮಾಡುತ್ತೆ. ಕುದುರೆಗೆ ಕೆಲವು ಸಲ ಆಗುತ್ತೆ, ಕೆಲವು ಸಲ ಇಲ್ಲ. ದನಕ್ಕೆ ಎಡಪಕ್ಕೆಗೆ ಚುಚ್ಚಿ ಗ್ಯಾಸ್ ಬಿಡುವ ಹಾಗೆ ಇದಕ್ಕೂ ಮಾಡಬಹುದಾ?

ಪಶುವೈದ್ಯೆ_ಮಧ್ಯಕರ್ನಾಟಕ

ಗೊಟ್ಟ ಬೇಡವೇ ಬೇಡ ಅಣ್ಣ. ತಲೆ ಎತ್ತಿ ಹಿಡಿದು ಎಣ್ಣೆ ಸುರಿದರೆ ಅದು ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ಶೂಲೆಯಿಂದ ಬದುಕಿದ ಕುದುರೆ ಎಣ್ಣೆಯ ನ್ಯುಮೋನಿಯಾದಲ್ಲಿ ಸಾಯುತ್ತದೆ. ನಾವೂ ಲಿಕ್ವಿಡ್ ಪ್ಯಾರಾಫಿನ್ ಕೊಡುತ್ತೇವೆ, ಆದರೆ ಮೂಗಿನ ಟ್ಯೂಬ್ ಜಠರಕ್ಕೇ ಹೋಗಿದೆ ಅಂತ ಖಚಿತ ಮಾಡಿಕೊಂಡ ಮೇಲೆ. ಟ್ಯೂಬಿನಿಂದ ಎರಡು ಲೀಟರ್‌ಗಿಂತ ಜಾಸ್ತಿ ನೀರು ವಾಪಸ್ ಬಂದರೆ ಎಣ್ಣೆಯನ್ನೂ ಕೊಡುವುದಿಲ್ಲ. ಜಠರ ಆಗಲೇ ತುಂಬಿದೆ ಅಂತ ಅರ್ಥ.

ಚುಚ್ಚುವುದಂತೂ ಕೂಡದು. ದನದ ಎಡಗಡೆ ಇರುವುದು ಮೆಲುಕು ಹಾಕುವ ದೊಡ್ಡ ಹೊಟ್ಟೆ. ಕುದುರೆಗೆ ಅದು ಇಲ್ಲ. ಅಪರೂಪಕ್ಕೆ ವೈದ್ಯರು ಬಲಪಕ್ಕೆಯಲ್ಲಿ ಸೂಜಿ ಹಾಕಿ ಗ್ಯಾಸ್ ತೆಗೆಯುತ್ತಾರೆ, ಅದು ಬೇರೆ ದಾರಿ ಇಲ್ಲದಾಗ.

ನಿಮ್ಮ ಕಡೆ ಇನ್ನೊಂದು ಕಾರಣ ಇರುತ್ತದೆ. ಶೇಂಗಾ ಹೊಟ್ಟನ್ನು ಬರಿ ನೆಲಕ್ಕೆ ಸುರಿದರೆ ಕುದುರೆ ಅದರ ಜೊತೆ ಮಣ್ಣು, ಮರಳನ್ನೂ ನೆಕ್ಕುತ್ತದೆ. ಮರಳು ದೊಡ್ಡ ಕರುಳಿನ ತಳದಲ್ಲಿ ಕೂರುತ್ತದೆ. ಆರೇಳು ಲದ್ದಿ ಉಂಡೆಯನ್ನು ಬಕೆಟ್ ನೀರಿನಲ್ಲಿ ಕದಡಿ ಬಿಟ್ಟು ಮೆಲ್ಲಗೆ ಬಗ್ಗಿಸಿ ನೋಡಿ, ತಳದಲ್ಲಿ ಮರಳು ಕಂಡರೆ ತಿನ್ನುತ್ತಿದೆ ಅಂತಾಯಿತು. ಹೊಟ್ಟನ್ನು ಜರಡಿ ಹಿಡಿದು ತೊಟ್ಟಿಯಲ್ಲಿ ಹಾಕಿ.

ಕೋಟೆಕೆಳಗಿನ_ಸವಾರ

ನಾನು ಚಿತ್ರದುರ್ಗದವನು. ನಮ್ಮ ಗಂಡು ಕುದುರೆಗೆ ಬೆಂಗಳೂರಿನಲ್ಲಿ ಇದೇ ಆಪರೇಷನ್ ಆಗಿ ಈಗ ಆರಾಮಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಆಪರೇಷನ್ ಅಂದರೆ ಸತ್ತಂತೆಯೇ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ, ಅದು ನಿಜ ಅಲ್ಲ.

ನಮ್ಮ ಡಾಕ್ಟರ್ ಹಿಂದಿನಿಂದ ಕೈ ಹಾಕಿ ಪರೀಕ್ಷೆ ಮಾಡಿದಾಗಲೇ ದೊಡ್ಡ ಕರುಳು ಗ್ಯಾಸ್ ತುಂಬಿ ಅಡ್ಡ ಬಂದಿದೆ ಅಂದರು. ಎಣ್ಣೆ ಕೊಟ್ಟು ನೋಡೋಣ ಅಂತ ಯಾರೋ ಹೇಳಿದರೂ ಅವರು ಒಪ್ಪಲಿಲ್ಲ, ಮೊದಲು ಹೊರಡಿ ಅಂದರು. ಅಲ್ಲಿ ಹೋದ ಮೇಲೆ ಹೊಟ್ಟೆಯ ತಳಕ್ಕೆ ಸೂಜಿ ಹಾಕಿ ಒಳಗಿನ ನೀರು ತೆಗೆದರು. ಅದು ತಿಳಿ ಹಳದಿ ಇರಬೇಕಂತೆ, ನಮ್ಮದಕ್ಕೆ ಸ್ವಲ್ಪ ಕೆಂಪು ತಿರುಗಿತ್ತು. ಕರುಳಿಗೆ ರಕ್ತ ಕಟ್ಟಾಗುತ್ತಿದೆ, ಈಗಲೇ ತೆರೆಯಬೇಕು ಅಂದರು. ಸಹಿ ಹಾಕಿದೆ.

ಗಾಜಿನ ಈಚೆ ನಿಂತು ನೋಡೋಕೆ ಬಿಟ್ಟರು. ನಿದ್ದೆ ಬರಿಸಿ, ನಾಲ್ಕೂ ಕಾಲಿಗೆ ಪಟ್ಟಿ ಕಟ್ಟಿ, ಮೇಲಿನ ಹಳಿಯಿಂದ ಇಳಿಬಿಟ್ಟ ಸರಪಳಿಯಲ್ಲಿ ಎತ್ತಿ, ದಪ್ಪ ಮೆತ್ತೆಯ ಮೇಜಿನ ಮೇಲೆ ಅಂಗಾತ ಮಲಗಿಸಿದರು. ಅಷ್ಟು ದೊಡ್ಡ ಪ್ರಾಣಿ ಕಾಲು ಮೇಲೆ ಮಾಡಿ ಮಲಗಿದ್ದು ನೋಡಿ ನನ್ನ ಕೈ ನಡುಗಿತು. ಹೊಕ್ಕಳಿಂದ ಮುಂದಕ್ಕೆ ಒಂದು ಅಡಿಯಷ್ಟು ಕೊಯ್ದರು. ಊದಿದ ಕರುಳನ್ನು ಹೊರಗೆ ತಂದು ಪಕ್ಕದ ಇನ್ನೊಂದು ಹಲಗೆಯ ಮೇಲೆ ಹರಡಿ, ಮಡಚುವ ಕಡೆ ಸಣ್ಣದಾಗಿ ಸೀಳಿ, ಪೈಪಿನಿಂದ ನೀರು ಬಿಟ್ಟು ಒಳಗಿದ್ದ ಮೇವನ್ನೆಲ್ಲ ತೊಳೆದರು. ಬಕೆಟ್‌ಗಟ್ಟಲೆ ಬಂತು. ಹೊಲಿಗೆ ಹಾಕಿ, ತಿರುಚಿದ್ದನ್ನು ಬಿಡಿಸಿ, ಒಳಗಿಟ್ಟರು. ನೀಲಿಗಟ್ಟಿದ್ದ ಕರುಳು ನಿಧಾನಕ್ಕೆ ಗುಲಾಬಿ ಬಣ್ಣಕ್ಕೆ ಬಂದಾಗ ಒಳಗಿದ್ದ ಡಾಕ್ಟರೊಬ್ಬರು ನನ್ನ ಕಡೆ ತಿರುಗಿ ತಲೆಯಾಡಿಸಿದರು.

ಅದಕ್ಕಿಂತ ಕಷ್ಟದ ಹೊತ್ತು ಎಚ್ಚರ ಆಗುವುದು. ಗೋಡೆಗೆಲ್ಲ ಮೆತ್ತೆ ಹೊಡೆದ ಕೋಣೆಯಲ್ಲಿ, ತಲೆಗೊಂದು ಹಗ್ಗ, ಬಾಲಕ್ಕೊಂದು ಹಗ್ಗ. ಅರೆನಿದ್ದೆಯಲ್ಲಿ ಧಡಕ್ಕನೆ ಎದ್ದು ಬಿದ್ದರೆ ಕಾಲು ಮುರಿಯಬಹುದಂತೆ. ನಮ್ಮದು ಎರಡು ಸಲ ಕೂತು, ಮೂರನೇ ಸಲಕ್ಕೆ ನಿಂತಿತು.

ಖರ್ಚು ಲಕ್ಷ ದಾಟಿತು, ಮುಚ್ಚಿಡುವುದಿಲ್ಲ. ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಲಾಯದಲ್ಲೇ ಕಟ್ಟಬೇಕು. ಮೊದಮೊದಲು ಒಂದೊಂದು ಹಿಡಿ ಹಸಿ ಹುಲ್ಲು, ದಿನಕ್ಕೆ ಹಲವು ಸಲ. ಹಗ್ಗ ಹಿಡಿದು ಸ್ವಲ್ಪ ಸ್ವಲ್ಪ ನಡೆಸುವುದು. ಹೊಲಿಗೆಯ ಸುತ್ತ ಊತ ಬಂತು, ಕೀವು ಆಗಲಿಲ್ಲ, ಪುಣ್ಯ. ಜೀನು ಹಾಕೋಕೆ ಮೂರು ತಿಂಗಳ ಮೇಲಾಯಿತು.

ಜಗಳೂರು_ಮೇಷ್ಟ್ರು

ಕರುಳು ಪೂರ್ತಿ ಕಪ್ಪಾಗಿದ್ದರೆ ಕತ್ತರಿಸಿ ತೆಗೆಯುತ್ತಾರಂತಲ್ಲ, ಎಷ್ಟು ತೆಗೆದರೂ ನಡೆಯುತ್ತಾ?

ಪಶುವೈದ್ಯೆ_ಮಧ್ಯಕರ್ನಾಟಕ

ಸಣ್ಣ ಕರುಳು ಇಪ್ಪತ್ತು ಮೀಟರ್‌ಗೂ ಜಾಸ್ತಿ ಇರುತ್ತೆ ಸರ್. ಸತ್ತ ಭಾಗ ತೆಗೆದು ಎರಡು ತುದಿ ಸೇರಿಸಿ ಹೊಲಿಯುತ್ತಾರೆ. ಅರ್ಧದವರೆಗೆ ತೆಗೆದರೂ ಕುದುರೆ ಬದುಕಬಹುದು. ಅದಕ್ಕೂ ಜಾಸ್ತಿ ಆದರೆ ತಿಂದದ್ದು ಮೈಗೆ ಹತ್ತುವುದಿಲ್ಲ, ಸೊರಗುತ್ತದೆ. ವಯಸ್ಸಾದ ಕುದುರೆಗಳಲ್ಲಿ ಕೊಬ್ಬಿನ ಗಂಟೊಂದು ಉದ್ದ ದಾರದಂತೆ ಬೆಳೆದು ಸಣ್ಣ ಕರುಳಿಗೆ ಸುತ್ತಿಕೊಳ್ಳುವುದುಂಟು. ಅಂಥದ್ದರಲ್ಲಿ ಹೀಗೆ ಕತ್ತರಿಸುವುದು ಬರುತ್ತದೆ.

ಆಪರೇಷನ್ ಆದ ಮೇಲೆ ಕೆಲವು ದಿನ ಕರುಳು ಕೆಲಸ ನಿಲ್ಲಿಸಿ ಸುಮ್ಮನಿರುವುದೇ ಸಣ್ಣ ಕರುಳಿನ ಕೇಸುಗಳಲ್ಲಿ ದೊಡ್ಡ ತಲೆನೋವು. ಟ್ಯೂಬ್ ಹಾಕಿ ಜಠರ ಖಾಲಿ ಮಾಡುತ್ತಾ, ಡ್ರಿಪ್ ಕೊಡುತ್ತಾ ಕಾಯಬೇಕು. ಒಳಗೆ ಕರುಳುಗಳು ಒಂದಕ್ಕೊಂದು ಅಂಟಿಕೊಂಡು ಮುಂದೆ ಮತ್ತೆ ಶೂಲೆ ಬರುವುದೂ ಇದೆ. ಇದನ್ನೆಲ್ಲ ಮೊದಲೇ ತಿಳಿದು ಒಪ್ಪಬೇಕು.

ಹಾಗಂತ ಜಾಗ ಬಿಟ್ಟ ಕರುಳಿಗೆಲ್ಲ ಚಾಕು ಬೇಕಾಗಿಲ್ಲ. ದೊಡ್ಡ ಕರುಳು ಎಡಗಡೆ ಗುಲ್ಮ ಮತ್ತು ಕಿಡ್ನಿಯ ನಡುವಿನ ಪಟ್ಟಿಯ ಮೇಲೆ ನೇತುಹಾಕಿಕೊಂಡರೆ, ಗುಲ್ಮ ಕುಗ್ಗಿಸುವ ಔಷಧಿ ಕೊಟ್ಟು ಕುದುರೆಯನ್ನು ಸ್ವಲ್ಪ ಓಡಿಸಿದಾಗ ಎಷ್ಟೋ ಸಲ ತಾನೇ ಜಾರಿ ಇಳಿಯುತ್ತದೆ. ಸ್ಕ್ಯಾನ್ ಮಾಡಿ, ಒಳಗೆ ಕೈ ಹಾಕಿ ನೋಡಿದವರು ಮಾತ್ರ ಅದನ್ನು ಹೇಳಬಲ್ಲರು.

ಬಾಡಿಗೆಗಾಡಿ_ಹರಿಹರ

ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕುದುರೆ ಮಾರಿದರೆ ಐವತ್ತು ಅರವತ್ತು ಸಾವಿರ. ಆಪರೇಷನ್‌ಗೆ ಲಕ್ಷ ಎಲ್ಲಿಂದ ತರೋದು? ಮದುವೆ ಸೀಸನ್ ಮೂರು ನಾಲ್ಕು ತಿಂಗಳು. ಉಳಿದ ತಿಂಗಳು ಮೇವಿಗೇ ಸಾಲ.

ಕೋಟೆಕೆಳಗಿನ_ಸವಾರ

ಅಣ್ಣ, ಬೇಜಾರು ಯಾಕೆ. ನಾನೂ ಕೈಗಡ ತಂದೇ ಮಾಡಿಸಿದ್ದು. ನಮ್ಮ ಮನೆ ನಡೆದದ್ದು ಅದರ ಬೆನ್ನ ಮೇಲೆ, ಅದಕ್ಕೆ ಮಾಡಿಸಿದೆ. ಎಲ್ಲರೂ ಮಾಡಿಸಲೇಬೇಕು ಅಂತ ನಾನು ಹೇಳಲಾರೆ.

ಪಶುವೈದ್ಯೆ_ಮಧ್ಯಕರ್ನಾಟಕ

ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ದುಡ್ಡಿಲ್ಲ ಅನ್ನುವುದು ತಪ್ಪಲ್ಲ. ಆದರೆ ದುಡ್ಡಿಲ್ಲ ಅಂತ ಹನ್ನೆರಡು ಗಂಟೆ ಹೊರಳಾಡಲು ಬಿಡುವುದು ತಪ್ಪು. ಆಪರೇಷನ್ ಬೇಕು, ಆದರೆ ಸಾಧ್ಯವಿಲ್ಲ ಅಂತಾದಾಗ ವೈದ್ಯರ ಕೈಯಿಂದ ನೋವಿಲ್ಲದೆ ಜೀವ ತೆಗೆಸುವುದೇ ಆ ಪ್ರಾಣಿಗೆ ಮಾಡುವ ಕೊನೆಯ ಉಪಕಾರ. ನಾನು ಮಾಡಿದ್ದೇನೆ, ಮಾಡಿ ಮನೆಗೆ ಬಂದು ಅತ್ತಿದ್ದೇನೆ, ಆದರೂ ಅದು ಸರಿಯಾದ ಕೆಲಸ ಅಂತಲೇ ನಂಬುತ್ತೇನೆ.

ನನ್ನ ವಿನಂತಿ ಒಂದೇ. ಈ ನಿರ್ಧಾರವನ್ನು ಕುದುರೆ ಚೆನ್ನಾಗಿರುವಾಗಲೇ ಮನೆಯವರೆಲ್ಲ ಕೂತು ಮಾಡಿಟ್ಟುಕೊಳ್ಳಿ. ಆಪರೇಷನ್‌ಗೆ ಒಯ್ಯುವುದು ಹೌದಾ, ಅಲ್ಲವಾ, ಎಷ್ಟರವರೆಗೆ ಖರ್ಚು. ಹೌದು ಅಂತಿದ್ದರೆ ಮೊದಲ ಗಂಟೆಯಲ್ಲೇ ಹೊರಡಬಹುದು. ಬೇಗ ಬಂದ ಕುದುರೆಯ ಕರುಳಿನಲ್ಲಿ ಇನ್ನೂ ಜೀವ ಇರುತ್ತದೆ, ತೆಗೆಯುವ ಕೆಲಸ ಕಮ್ಮಿ, ಮೇಜಿನ ಮೇಲಿರುವ ಹೊತ್ತು ಕಮ್ಮಿ, ಬಿಲ್ಲೂ ಕಮ್ಮಿ. ತಡವಾಗಿ ಬಂದದ್ದು ಸತ್ತರೆ ಎಲ್ಲರೂ ಆಪರೇಷನ್‌ನಿಂದ ಸತ್ತಿತು ಅನ್ನುತ್ತಾರೆ. ನಾನು ನೋಡಿದಂತೆ ಕುದುರೆಗಳನ್ನು ಕೊಲ್ಲುವುದು ಚಾಕುವಲ್ಲ, ನೋಡೋಣ ನೋಡೋಣ ಅಂತ ಕಳೆದ ಹೊತ್ತು.

ಮೆರವಣಿಗೆ_ದಾವಣಗೆರೆ

ಮೇಡಂ, ನಿಮ್ಮ ಮಾತು ಓದಿ ತಕ್ಷಣ ಡಾಕ್ಟರ್ ಕರೆಸಿದೆ. ತೊಳೆದು ಹೊಲಿಗೆ ಹಾಕಿ ಧನುರ್ವಾಯು ಇಂಜೆಕ್ಷನ್ ಕೊಟ್ಟಿದ್ದಾರೆ. ದಪ್ಪ ಬ್ಯಾಂಡೇಜ್ ಸುತ್ತಿದ್ದಾರೆ. ಕೀಲಿಗೆ ಹತ್ತಿರ ಇದೆ, ಎಚ್ಚರದಿಂದ ಇರಿ ಅಂದರು. ಅದು ಯಾಕೆ?

ಪಶುವೈದ್ಯೆ_ಮಧ್ಯಕರ್ನಾಟಕ

ಒಳ್ಳೆಯ ಕೆಲಸ ಮಾಡಿದಿರಿ. ಕುದುರೆಯಷ್ಟು ಸುಲಭವಾಗಿ ಧನುರ್ವಾಯುವಿಗೆ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ಮೊದಲೇ ಲಸಿಕೆ ಆಗಿದ್ದರೆ ಬೂಸ್ಟರ್ ಸಾಕು, ಇಲ್ಲದಿದ್ದರೆ ಆಂಟಿಟಾಕ್ಸಿನ್ ಕೂಡ ಬೇಕು. ನಿಮ್ಮ ಡಾಕ್ಟರ್ ಯಾವುದು ಕೊಟ್ಟರು ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಕುದುರೆಯ ಕಾಲಿನ ಕೆಳಭಾಗದಲ್ಲಿ ಮಾಂಸವೇ ಇಲ್ಲ. ಚರ್ಮ, ಅದರ ಕೆಳಗೆ ಹುರಿಯಂಥ ಸ್ನಾಯುರಜ್ಜು, ಮೂಳೆ, ಕೀಲು. ಎದೆಯಲ್ಲಿ ಅಂಗೈ ಅಗಲ ಹರಿದರೂ ವಾಸಿಯಾಗುತ್ತದೆ, ಕೀಲಿನ ಹತ್ತಿರ ಒಂದು ಸಣ್ಣ ತೂತು ಕುದುರೆಯನ್ನೇ ಕಳೆಯಬಹುದು. ಆ ತೂತು ಕೀಲಿನ ಒಳಗೆ ಹೋಗಿದ್ದರೆ ಕೀವು ಒಳಗೇ ಕಟ್ಟಿ ಮೃದ್ವಸ್ಥಿ ಸವೆದುಹೋಗುತ್ತದೆ. ಪರೀಕ್ಷೆ ಹೀಗೆ: ಗಾಯದಿಂದ ದೂರದ ಇನ್ನೊಂದು ಕಡೆಯಿಂದ ಕೀಲಿಗೆ ಸೂಜಿ ಹಾಕಿ ಸ್ಟೆರೈಲ್ ಸಲೈನ್ ತುಂಬಿಸುತ್ತಾರೆ. ಗಾಯದ ಬಾಯಿಂದ ನೀರು ಬಂದರೆ ಕೀಲು ತೆರೆದಿದೆ ಅಂತ ಅರ್ಥ. ಆಗ ಅರಿವಳಿಕೆ ಕೊಟ್ಟು ಕೀಲಿನ ಒಳಗೆಲ್ಲ ಲೀಟರ್‌ಗಟ್ಟಲೆ ಸಲೈನ್ ಹರಿಸಿ ತೊಳೆಯಬೇಕು. ಅದೂ ಶೂಲೆಯಷ್ಟೇ ತುರ್ತು.

ಕಾಲಿನ ಗಾಯದ ಇನ್ನೊಂದು ಕಾಟ ದುರ್ಮಾಂಸ. ಚರ್ಮ ಮುಚ್ಚುವ ಮೊದಲೇ ಕೆಂಪು ಮಾಂಸ ಉಬ್ಬಿ ಹೊರಗೆ ಬರುತ್ತದೆ. ಆಮೇಲೆ ಚರ್ಮ ಅದನ್ನು ಹತ್ತಲಾರದು. ಅದರಲ್ಲಿ ನೋವಿನ ನರ ಇಲ್ಲ, ಆದ್ದರಿಂದ ವೈದ್ಯರು ನಿಂತಲ್ಲೇ ಚರ್ಮದ ಮಟ್ಟಕ್ಕೆ ಸವರಿ ತೆಗೆಯುತ್ತಾರೆ, ರಕ್ತ ಮಾತ್ರ ಧಾರಾಳ ಬರುತ್ತದೆ. ಮೈಲುತುತ್ತ, ಬ್ಯಾಟರಿ ಆಸಿಡ್, ಸುಟ್ಟ ಎಂಜಿನ್ ಆಯಿಲ್ ಹಚ್ಚಿ ಸುಡುವವರಿದ್ದಾರೆ, ದಯವಿಟ್ಟು ಬೇಡ. ಅದು ಹೊಸದಾಗಿ ಬರುತ್ತಿರುವ ಚರ್ಮವನ್ನೂ ಸುಡುತ್ತದೆ. ದೊಡ್ಡ ಗಾಯಕ್ಕೆ ಕತ್ತಿನ ಕಡೆಯಿಂದ ಚರ್ಮದ ಸಣ್ಣ ಸಣ್ಣ ಚೂರು ತೆಗೆದು ನೆಟ್ಟು ಬೆಳೆಸುವುದೂ ಉಂಟು.

ಲಾಳದವನು

ಲಾಳ ಕಟ್ಟುವವನಾಗಿ ಒಂದು ಮಾತು. ಅಂಗಾಲಿಗೆ ಮೊಳೆ ಹೊಕ್ಕರೆ ಎಲ್ಲರೂ ಮಾಡುವ ಮೊದಲ ಕೆಲಸ ಇಕ್ಕಳದಲ್ಲಿ ಕಿತ್ತು ಬಿಸಾಕುವುದು. ಕಿತ್ತ ಮೇಲೆ ತೂತು ಮುಚ್ಚಿಹೋಗುತ್ತೆ, ಎಷ್ಟು ಆಳ, ಯಾವ ದಿಕ್ಕು ಅಂತ ಯಾರಿಗೂ ಗೊತ್ತಾಗಲ್ಲ. ಕುದುರೆಯನ್ನು ನಿಲ್ಲಿಸಿ, ಮೊಳೆ ಇನ್ನೂ ಒಳಗೆ ಹೋಗದ ಹಾಗೆ ಅದರ ಎರಡೂ ಕಡೆ ಮರದ ತುಂಡು ಇಟ್ಟು ಕಟ್ಟಿ, ಡಾಕ್ಟರ್‌ಗೆ ಹೇಳಿ, ಸಾಧ್ಯವಾದರೆ ಮೊಳೆ ಸಮೇತ ಎಕ್ಸ್‌ರೇ ತೆಗೆಸಿ. ಕೀಳಲೇಬೇಕಾಗಿ ಬಂದರೆ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ತೂತಿನ ಜಾಗಕ್ಕೆ ಗುರುತು ಹಾಕಿ, ಮೊಳೆಯನ್ನು ಇಟ್ಟುಕೊಂಡಿರಿ. ಅಂಗಾಲಿನ ನಡುವಿನ ತ್ರಿಕೋನದ ಮೆತ್ತನೆ ಜಾಗದಲ್ಲಿ ಹೊಕ್ಕಿದ್ದರೆ ತುಂಬಾ ಅಪಾಯ, ಅದರ ಮೇಲೆಯೇ ಕೀಲು ಇರೋದು.

ಹೊಳಲ್ಕೆರೆ_ಹುಡುಗ

ಕಾಲು ಮುರಿದರೆ ಗುಂಡು ಹೊಡೆಯೋದೇ ದಾರಿ ಅಂತಾರಲ್ಲ?

ಇಂಟರ್ನ್_ಶಿವಮೊಗ್ಗ

ಎಲ್ಲ ಮುರಿತಕ್ಕೂ ಅಲ್ಲ. ಗೊರಸಿನ ಮೇಲಿನ ಸಣ್ಣ ಮೂಳೆಗಳ ಬಿರುಕಿಗೆ ಸ್ಕ್ರೂ ಹಾಕಿ ಮತ್ತೆ ಓಡಿದ ಕುದುರೆಗಳಿವೆ. ಮರಿಗಳಲ್ಲಿ, ತೂಕ ಕಮ್ಮಿ ಇರುವ ತಟ್ಟುಗಳಲ್ಲಿ ಅವಕಾಶ ಇನ್ನೂ ಜಾಸ್ತಿ. ದೊಡ್ಡ ಕುದುರೆಯ ಮೇಲ್ಭಾಗದ ಮೂಳೆ ಪುಡಿಯಾಗಿ ಚರ್ಮ ಸೀಳಿ ಹೊರಬಂದರೆ ಮಾತ್ರ ಆಸೆ ಕಮ್ಮಿ.

ಬಾರ್ಬಾರೊ ಅಂತ ಅಮೆರಿಕದ ರೇಸ್ ಕುದುರೆ. 2006ರಲ್ಲಿ ಕೆಂಟಕಿ ಡರ್ಬಿ ಗೆದ್ದು ಎರಡು ವಾರಕ್ಕೆ ಪ್ರೀಕ್‌ನೆಸ್ ರೇಸಿನಲ್ಲಿ ಬಲ ಹಿಂಗಾಲು ಮುರಿದುಕೊಂಡಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನ್ಯೂ ಬೋಲ್ಟನ್ ಸೆಂಟರ್‌ನಲ್ಲಿ ಪ್ಲೇಟ್, ಸ್ಕ್ರೂ ಹಾಕಿ ಜೋಡಿಸಿದರು. ಎಚ್ಚರವಾಗುವಾಗ ಒದ್ದಾಡಿ ಮತ್ತೆ ಮುರಿದುಕೊಳ್ಳದಿರಲಿ ಅಂತ ಈಜುಕೊಳದಲ್ಲಿ ರಬ್ಬರ್ ತೆಪ್ಪಕ್ಕೆ ಇಳಿಸಿ ತೇಲಿಸಿದ್ದರು. ಮುರಿದ ಕಾಲು ಕೂಡುತ್ತಾ ಬಂದರೂ ಭಾರವೆಲ್ಲ ಹೊತ್ತ ಇನ್ನೊಂದು ಹಿಂಗಾಲಿನ ಗೊರಸಿಗೆ ಲ್ಯಾಮಿನೈಟಿಸ್, ಅಂದರೆ ಗೊರಸಿನ ಒಳಗಿನ ಹಿಡಿತ ಬಿಡುವ ಕಾಯಿಲೆ, ಬಂತು. 2007ರ ಜನವರಿ 29ರಂದು ಜೀವ ತೆಗೆಯಬೇಕಾಯಿತು. ಮೂಳೆ ಜೋಡಿಸುವುದಕ್ಕಿಂತ ಉಳಿದ ಮೂರು ಕಾಲು ಕಾಪಾಡುವುದು ಕಷ್ಟ.

ಮುರಿದಿದೆ ಅನ್ನಿಸಿದರೆ ನಡೆಸಬೇಡಿ. ಹತ್ತಿ ದಪ್ಪವಾಗಿ ಸುತ್ತಿ, ಸೀಳಿದ ಪಿವಿಸಿ ಪೈಪು ಅಥವಾ ಹಲಗೆ ಕಟ್ಟಿ ಕಾಲು ಅಲ್ಲಾಡದ ಹಾಗೆ ಮಾಡಿ, ಗಾಡಿಯನ್ನೇ ಅದರ ಹತ್ತಿರ ತನ್ನಿ.

ಎಪಿಎಂಸಿ_ಹಮಾಲಿ

ನಮ್ಮಲ್ಲಿ ಒಂದು ಸಲ ಕುದುರೆ ಹಗ್ಗ ಬಿಚ್ಚಿಕೊಂಡು ಮೆಕ್ಕೆಜೋಳದ ಚೀಲಕ್ಕೆ ಬಾಯಿ ಹಾಕಿತ್ತು. ಆ ದಿನ ಚೆನ್ನಾಗೇ ಇತ್ತು. ಎರಡು ದಿನ ಬಿಟ್ಟು ಕಾಲು ಎತ್ತಿಡೋಕೇ ಆಗಲಿಲ್ಲ. ಶೂಲೆಗೂ ಇದಕ್ಕೂ ಸಂಬಂಧ ಇದೆಯಾ?

ಪಶುವೈದ್ಯೆ_ಮಧ್ಯಕರ್ನಾಟಕ

ನೇರ ಸಂಬಂಧ. ದಾವಣಗೆರೆಯಲ್ಲಿ ಇದನ್ನು ದೊಡ್ಡದಾಗಿ ಬರೆದು ಲಾಯದ ಗೋಡೆಗೆ ಅಂಟಿಸಬೇಕು. ಮೆಕ್ಕೆಜೋಳದ ಪಿಷ್ಟ ಹಿಂಗರುಳಿಗೆ ಇಳಿದು ಅಲ್ಲಿ ಹುಳಿಯುತ್ತದೆ, ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ವಿಷ ರಕ್ತಕ್ಕೆ ಸೇರುತ್ತದೆ. ಮೊದಲು ಶೂಲೆ, ಭೇದಿ. ಒಂದೆರಡು ದಿನಕ್ಕೆ ಗೊರಸಿನ ಒಳಗಿನ ಹಿಡಿತ ಬಿಡುತ್ತದೆ. ಮುಂಗಾಲು ಮುಂದಕ್ಕೆ ಚಾಚಿ ಭಾರವೆಲ್ಲ ಹಿಂದಕ್ಕೆ ಹಾಕಿ ನಿಲ್ಲುತ್ತದೆ, ಗೊರಸು ಬಿಸಿ ಇರುತ್ತದೆ. ಆಗ ಬಂದರೆ ತಡ. ಕಾಳು ತಿಂದದ್ದು ಗೊತ್ತಾದ ಗಳಿಗೆಯಲ್ಲೇ, ಕುದುರೆ ಆರಾಮಾಗಿ ಕಂಡರೂ, ವೈದ್ಯರನ್ನು ಕರೆಸಿ ಟ್ಯೂಬ್ ಹಾಕಿಸಿ ಜಠರ ತೊಳೆಸಿ. ನಾಲ್ಕೂ ಗೊರಸನ್ನು ಐಸ್ ನೀರಿನಲ್ಲಿ ಇಡಿ, ಎರಡು ಮೂರು ದಿನ ಬಿಡದೆ. ಮೀನು ಮಾರುಕಟ್ಟೆಯಲ್ಲಿ ಐಸ್ ಸಿಗುತ್ತೆ.

ಮದುವೆ ಮನೆಯ ಉಳಿದ ಅನ್ನ, ಬೂಂದಿ, ಮಂಡಕ್ಕಿ ಕೊಡುವುದೂ ಇದೇ ದಾರಿ. ಪ್ರೀತಿಗೆ ಬೆನ್ನು ಸವರಿ, ಸಾಕು.

ಬಾಡಿಗೆಗಾಡಿ_ಹರಿಹರ

ಹಾಗಾದರೆ ಏನು ಹಾಕಬೇಕು ಮೇಡಂ? ನಾವು ಭತ್ತದ ಹುಲ್ಲು, ನೆನೆಸಿದ ಹುರುಳಿ ಹಾಕುತ್ತೇವೆ.

ಪಶುವೈದ್ಯೆ_ಮಧ್ಯಕರ್ನಾಟಕ

ಹುರುಳಿ ಸರಿ, ನೆನೆಸಿ ಅಥವಾ ಬೇಯಿಸಿ, ಮಿತವಾಗಿ. ಭತ್ತದ ಹುಲ್ಲೇ ಮುಖ್ಯ ಮೇವಾದರೆ ಕರುಳು ಕಟ್ಟುವುದು ಜಾಸ್ತಿ. ಹಸಿ ಹುಲ್ಲು, ಒಳ್ಳೆಯ ಒಣಹುಲ್ಲು ಬೆರೆಸಿ. ಮೇವು ಬದಲಿಸುವುದಿದ್ದರೆ ಒಂದು ವಾರ ಹತ್ತು ದಿನ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ಬದಲಿಸಿ. ನೀರು ಎದುರಿಗೇ ಇರಲಿ, ದೊಡ್ಡ ಕುದುರೆ ಸುಮ್ಮನೆ ನಿಂತರೂ ದಿನಕ್ಕೆ 25 ಲೀಟರ್ ಮೇಲೆ ಕುಡಿಯುತ್ತದೆ, ಏಪ್ರಿಲ್ ಬಿಸಿಲಲ್ಲಿ ಮೆರವಣಿಗೆ ಮಾಡಿದರೆ ಅದರ ಎರಡರಷ್ಟು. ವರ್ಷಕ್ಕೊಮ್ಮೆ ಹಲ್ಲು ತೋರಿಸಿ, ಚೂಪಾದ ಅಂಚು ಅರದಿಂದ ಉಜ್ಜಿಸಿ. ಹಲ್ಲು ಸರಿಯಿಲ್ಲದಿದ್ದರೆ ಮೇವು ಅಗಿಯದೆ ನುಂಗುತ್ತದೆ, ಅದೇ ಕಟ್ಟಿಕೊಳ್ಳುವುದು.

ಜಂತಿನ ಔಷಧಿ ತೂಕ ನೋಡಿ ಕೊಡಿ. ತೂಕದ ಯಂತ್ರ ಬೇಡ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಸೆಂಟಿಮೀಟರ್‌ನಲ್ಲಿ, ಅದನ್ನು ಅದರಿಂದಲೇ ಗುಣಿಸಿ, ಎದೆಯ ಮುಂತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 160, ಉದ್ದ 140 ಇದ್ದರೆ ಸುಮಾರು 300 ಕಿಲೋ.

ಕೋಟೆಕೆಳಗಿನ_ಸವಾರ

ಸಾಗಿಸುವ ವಿಷಯ ಯಾರೂ ಬರೆದಿಲ್ಲ. ದುರ್ಗದಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್, ದಾವಣಗೆರೆಯಿಂದ 260ರ ಮೇಲೆ. ಹೆದ್ದಾರಿ 48 ಚೆನ್ನಾಗಿದೆ, ಆದರೂ ಕುದುರೆ ನಿಲ್ಲಿಸಿಕೊಂಡು ನಿಧಾನ ಹೋದರೆ ಐದಾರು ಗಂಟೆ. ಹೊರಡುವ ಮೊದಲು ಆ ಕಡೆ ಫೋನ್ ಮಾಡಿ ಮೂರು ಮಾತು ಕೇಳಿ: ಈಗ ಕುದುರೆಯ ಹೊಟ್ಟೆ ಆಪರೇಷನ್ ಮಾಡುವ ಸರ್ಜನ್ ಇದ್ದಾರಾ, ಅರಿವಳಿಕೆ ಕೊಡುವವರು ಇದ್ದಾರಾ, ಮೇಜು ಖಾಲಿ ಇದೆಯಾ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ನಮಗೆ ಹತ್ತಿರ, ಬೆಂಗಳೂರಲ್ಲಿ ಹೆಬ್ಬಾಳದ ಕಾಲೇಜು ಇದೆ, ಎಲ್ಲಿಗಾದರೂ ಸುಮ್ನೆ ಹೋಗಿ ಬಾಗಿಲು ತಟ್ಟಬೇಡಿ. ಸ್ಥಳೀಯ ಸಹಾಯಕ್ಕೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಗಾಡಿಯ ತಳಕ್ಕೆ ಮರಳು ಅಥವಾ ರಬ್ಬರ್ ಮ್ಯಾಟ್ ಹಾಕಿ, ಜಾರಬಾರದು. ಹತ್ತಿಸೋಕೆ ಇಳಿಜಾರು ಹಲಗೆ ಬೇಕು. ಮೂಗಿನ ಟ್ಯೂಬಿನಲ್ಲಿ ನೀರು ವಾಪಸ್ ಬರುತ್ತಿದ್ದರೆ ಅದನ್ನು ಹಾಗೇ ಅಂಟಿಸಿ ಕಳಿಸಲು ಡಾಕ್ಟರ್‌ಗೆ ಕೇಳಿ. ಕೊಟ್ಟ ಇಂಜೆಕ್ಷನ್‌ಗಳ ಹೆಸರು, ಎಷ್ಟು, ಎಷ್ಟು ಹೊತ್ತಿಗೆ ಅನ್ನುವ ಚೀಟಿ ಜೇಬಿನಲ್ಲಿರಲಿ. ಅಲ್ಲಿ ಮೊದಲು ಕೇಳುವುದೇ ಅದು.

ಜಗಳೂರು_ಮೇಷ್ಟ್ರು

ಹರಿಹರ, ದಾವಣಗೆರೆ, ದುರ್ಗ, ಚಳ್ಳಕೆರೆ, ಇಷ್ಟು ಊರುಗಳ ಕುದುರೆಯವರು ಒಂದು ಅರ್ಜಿ ಬರೆಯೋಣ. ದೊಡ್ಡ ಪ್ರಾಣಿ ಎತ್ತುವ ಸರಪಳಿ, ಮೇಜು, ಮೆತ್ತೆಯ ಕೋಣೆ, ಅರಿವಳಿಕೆ ಯಂತ್ರ, ರಾತ್ರಿಯೂ ಇರುವ ಸರ್ಜನ್, ಇವು ಮಧ್ಯ ಕರ್ನಾಟಕದಲ್ಲಿ ಒಂದು ಕಡೆ ಬೇಕು. ಎತ್ತು ಎಮ್ಮೆಗೂ ಉಪಯೋಗ ಆಗುತ್ತದೆ. ನಾನು ಕರಡು ಬರೆದು ಭಾನುವಾರ ಇಲ್ಲೇ ಹಾಕುತ್ತೇನೆ, ನಿಮ್ಮ ನಿಮ್ಮ ಊರಲ್ಲಿ ಎಷ್ಟು ಕುದುರೆ ಇವೆ ಅಂತ ಎಣಿಸಿ ತಿಳಿಸಿ.

ಲಾಳದವನು

ನಮ್ಮ ಪಟ್ಟಿ ನಾನು ಕೊಡುತ್ತೇನೆ ಮೇಷ್ಟ್ರೇ. ಲಾಳ ಕಟ್ಟಿದ ಕುದುರೆ ಎಲ್ಲ ನನಗೆ ಗೊತ್ತು.

ಮೆರವಣಿಗೆ_ದಾವಣಗೆರೆ

ನಾನೂ ಬರುತ್ತೇನೆ, ಹರಿಹರದ ನಮ್ಮ ಮಾವನ ಮಗನೂ ಸಹಿ ಹಾಕುತ್ತಾನೆ. ಮೇಡಂ, ಕಂದು ಕುದುರೆ ಮೇವು ತಿನ್ನುತ್ತಿದೆ, ಕಾಲೂರಿ ನಿಂತಿದೆ. ನಾಳೆ ಬ್ಯಾಂಡೇಜ್ ಬದಲಿಸೋಕೆ ಡಾಕ್ಟರ್ ಬರುತ್ತಾರೆ. ಏನು ಗಮನಿಸಲಿ?

ಪಶುವೈದ್ಯೆ_ಮಧ್ಯಕರ್ನಾಟಕ

ಕಾಲೂರುತ್ತಿರುವುದು ಒಳ್ಳೆಯ ಲಕ್ಷಣ. ನಾಳೆ ಒಳಗಿನ ಹತ್ತಿಯನ್ನು ಬಿಸಾಡುವ ಮೊದಲು ನೋಡಿ. ಸ್ವಲ್ಪ ರಕ್ತ, ತೆಳು ನೀರು ಇದ್ದರೆ ಸರಿ. ಬೆರಳಿನಲ್ಲಿ ಎಳೆದರೆ ನೂಲು ಬರುವ ಅಂಟಾದ ಹಳದಿ ದ್ರವ ಕಂಡರೆ ಅದು ಕೀಲಿನ ನೀರು ಇರಬಹುದು, ಆಗಲೇ ಡಾಕ್ಟರ್‌ಗೆ ತೋರಿಸಿ. ಇವತ್ತು ಊರಿದ ಕಾಲನ್ನು ನಾಳೆ ಎತ್ತಿ ಹಿಡಿದರೆ ಬ್ಯಾಂಡೇಜ್ ಹೊತ್ತಿನವರೆಗೂ ಕಾಯಬೇಡಿ, ರಾತ್ರಿಯಾದರೂ ಸರಿ, ಫೋನ್ ಮಾಡಿ.